ಕಪ್ಪೆಚಿಪ್ಪಿನ ಕಿವಿರಿಗೆ ಉಪ್ಪು ತಾಕಿದಾಗ: ನೋಡುವುದು ಹೇಗೆ, ಅಳೆಯುವುದು ಹೇಗೆ

ನಾಲೆಯಿಂದ ತಂದ ಕಪ್ಪೆಚಿಪ್ಪನ್ನು ಉಪ್ಪುನೀರಿಗೆ ಹಾಕಿದರೆ ಅದು ಮೊದಲು ಮಾಡುವ ಕೆಲಸ ಚಿಪ್ಪು ಮುಚ್ಚಿಕೊಳ್ಳುವುದು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಾಗೇ ಇರುತ್ತದೆ. ನೋಡುತ್ತಿದ್ದವರು ‘ಲೀಟರಿಗೆ 5 ಗ್ರಾಂ ಉಪ್ಪಿನಲ್ಲೂ ಎರಡು ದಿನ ತಡೆದುಕೊಂಡಿತು’ ಎಂದು ಬರೆದಿಡುತ್ತಾರೆ. ಆದರೆ ಆ ಎರಡು ದಿನ ಒಳಗಿನ ಕಿವಿರಿಗೆ ಹೊರಗಿನ ನೀರು ಸರಿಯಾಗಿ ತಾಕಿಯೇ ಇರುವುದಿಲ್ಲ. ಚಿಪ್ಪಿನೊಳಗೆ ಉಳಿದಿದ್ದ ಹಳೆಯ ಸಿಹಿನೀರಿನಲ್ಲೇ ಪ್ರಾಣಿ ಕಾಲ ತಳ್ಳಿರುತ್ತದೆ. ಉಪ್ಪು ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಚಿಪ್ಪನ್ನು ನೋಡಿ ಫಲವಿಲ್ಲ, ಕಿವಿರನ್ನೇ ನೋಡಬೇಕು.

ಮೈಸೂರು, ಮಂಡ್ಯದ ಕಡೆ ಇದನ್ನು ಮಾಡಲು ಬೇಕಾದ ಪ್ರಾಣಿಗೆ ಬರವಿಲ್ಲ. ಕೆರೆಯ ಕೆಸರಿನಲ್ಲಿ, ನಾಲೆಯ ತಳದಲ್ಲಿ ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್ ಎಂಬ ಸಿಹಿನೀರಿನ ಕಪ್ಪೆಚಿಪ್ಪು ಸಿಗುತ್ತದೆ. ಪ್ರಾಣಿಶಾಸ್ತ್ರದ ಪಾಠದಲ್ಲಿ ದ್ವಿಕವಾಟಿಗೆ, ಅಂದರೆ ಎರಡು ಚಿಪ್ಪಿನ ಪ್ರಾಣಿಗೆ, ಉದಾಹರಣೆಯಾಗಿ ಬರುವುದು ಇದೇ. ಹಾಗೆಯೇ ಪ್ರಶ್ನೆಯೂ ಇಲ್ಲಿನದೇ. ನೀರಾವರಿ ಹೆಚ್ಚಾಗಿ ಬಸಿಗಾಲುವೆ ಸರಿಯಿಲ್ಲದ ಕಡೆ ಮಣ್ಣು ಚೌಳಾಗುತ್ತದೆ, ಆ ಜಮೀನಿನಿಂದ ಬಸಿದ ನೀರು ಹಳ್ಳ ಸೇರುತ್ತದೆ, ಹಳ್ಳದಲ್ಲಿ ಈ ಪ್ರಾಣಿ ಇರುತ್ತದೆ.

ಕಿವಿರಿನಲ್ಲಿ ನೋಡಬೇಕಾದದ್ದು

ಚಿಪ್ಪು ತೆರೆದು ಮೇಲಿನ ಮ್ಯಾಂಟಲ್ ಪೊರೆ ಸರಿಸಿದರೆ ಎರಡೂ ಪಕ್ಕದಲ್ಲಿ ಎರಡೆರಡು ಎಲೆಗಳಂತೆ ಕಿವಿರುಗಳು ಕಾಣುತ್ತವೆ: ಒಂದು ಹೊರ ಕಿವಿರು, ಒಂದು ಒಳ ಕಿವಿರು. ಬರಿಗಣ್ಣಿಗೆ ಅದು ಒದ್ದೆ ಮಲ್ ಬಟ್ಟೆಯ ಹಾಗೆ, ಮೇಲಿನಿಂದ ಕೆಳಕ್ಕೆ ಒತ್ತೊತ್ತಾಗಿ ಗೆರೆ ಎಳೆದಂತೆ ಕಾಣುತ್ತದೆ. ಆ ಒಂದೊಂದು ಗೆರೆಯೂ ಕಿವಿರಿನ ಒಂದು ಎಳೆ. ಪ್ರತಿ ಎಲೆಯೂ ಎರಡು ಹಾಳೆಗಳ ಚೀಲ. ನಡುವೆ ಅಡ್ಡಗೋಡೆಗಳು, ಅವುಗಳ ನಡುವೆ ನೀರಿನ ಕೊಳವೆಗಳು. ಹಾಳೆಯ ಮೇಲಿನ ಸಣ್ಣ ತೂತುಗಳಿಂದ ನೀರು ಒಳಗೆ ನುಗ್ಗಿ, ಕೊಳವೆಗಳಲ್ಲಿ ಮೇಲಕ್ಕೇರಿ, ಹಿಂಬದಿಯ ಮೇಲಿನ ಕಿಂಡಿಯಿಂದ ಹೊರಗೆ ಹೋಗುತ್ತದೆ.

ನೀರನ್ನು ತಳ್ಳುವುದು ಲೋಮಾಂಗಗಳು, ಅಂದರೆ ಸಿಲಿಯಾ. ಎಳೆಯ ಪಕ್ಕದಲ್ಲಿರುವ ಸಿಲಿಯಾ ನೀರು ನೂಕುತ್ತವೆ. ಎಳೆಯ ಮುಖದ ಮೇಲಿರುವ ಸಿಲಿಯಾ ಸಿಕ್ಕ ಕಣಗಳನ್ನು ಲೋಳೆಯೊಂದಿಗೆ ಸಾಗಿಸುತ್ತವೆ. ಇವೆರಡರ ಮೂಲೆಯಲ್ಲಿರುವವು ಕಣ ಹಿಡಿಯುತ್ತವೆ. ಈ ಮೂರನ್ನು ಬೇರೆಬೇರೆಯಾಗಿ ಗುರುತಿಸಲು ಕಲಿಯದೆ ‘ಸಿಲಿಯಾ ನಿಂತಿತು’ ಎಂದು ಬರೆದರೆ ಆ ಮಾತಿಗೆ ಬೆಲೆಯಿಲ್ಲ, ಏಕೆಂದರೆ ಮೂರೂ ಒಟ್ಟಿಗೆ ನಿಲ್ಲುವುದಿಲ್ಲ.

ಕಿವಿರು ಉಸಿರಾಟದ, ಊಟದ ಅಂಗ ಮಾತ್ರವಲ್ಲ, ಉಪ್ಪನ್ನು ಒಳಗೆ ತರುವ ಬಾಗಿಲೂ ಹೌದು. ಸಿಹಿನೀರಿನ ಕಪ್ಪೆಚಿಪ್ಪಿನ ರಕ್ತ ಪ್ರಾಣಿಲೋಕದಲ್ಲೇ ಅತ್ಯಂತ ತೆಳುವಾದವುಗಳಲ್ಲಿ ಒಂದು. ನೀರಿನಲ್ಲಿ ಕರಗಿದ ಕಣಗಳ ಒಟ್ಟು ಸಾಂದ್ರತೆಯನ್ನು ಮಿಲಿಆಸ್ಮೋಲ್‌ನಲ್ಲಿ ಅಳೆಯುತ್ತಾರೆ; ಸಮುದ್ರದ ನೀರು ಸುಮಾರು 1000 ಮಿಲಿಆಸ್ಮೋಲ್ ಇದ್ದರೆ ಇದರ ರಕ್ತ 40ರಿಂದ 60ರ ಆಸುಪಾಸು. ಅಷ್ಟಾದರೂ ಸುತ್ತಲಿನ ನದಿ ನೀರಿಗಿಂತ ಹೆಚ್ಚು. ಆದ್ದರಿಂದ ಅಭಿಸರಣೆಯಿಂದ, ಅಂದರೆ ಉಪ್ಪು ಹೆಚ್ಚಿರುವ ಕಡೆಗೆ ಪೊರೆ ದಾಟಿ ಹರಿಯುವ ಗುಣದಿಂದ, ನೀರು ಸದಾ ಒಳಗೆ ಬರುತ್ತಲೇ ಇರುತ್ತದೆ, ಉಪ್ಪು ಸೋರಿ ಹೋಗುತ್ತಲೇ ಇರುತ್ತದೆ. ಬಂದ ನೀರನ್ನು ಮೂತ್ರಾಂಗ ಹೊರಹಾಕುತ್ತದೆ. ಹೋದ ಸೋಡಿಯಂ, ಕ್ಲೋರೈಡನ್ನು ಕಿವಿರಿನ ಕೋಶಗಳು ಶಕ್ತಿ ಖರ್ಚು ಮಾಡಿ ನೀರಿನಿಂದ ಮತ್ತೆ ಹೆಕ್ಕಿಕೊಳ್ಳುತ್ತವೆ.

ಹೊರಗಿನ ಉಪ್ಪು ರಕ್ತದ ಮಟ್ಟವನ್ನು ದಾಟಿತೆನ್ನಿ, ಲೆಕ್ಕ ತಿರುಗುಮುರುಗಾಗುತ್ತದೆ. ನೀರು ಹೊರಗೆ, ಉಪ್ಪು ಒಳಗೆ. ಅದನ್ನು ತಡೆಯುವ ಯಂತ್ರಾಂಗ ಈ ಪ್ರಾಣಿಯಲ್ಲಿ ಇಲ್ಲ. ರಕ್ತ ನಿಧಾನಕ್ಕೆ ಹೊರಗಿನ ನೀರಿನಷ್ಟೇ ಉಪ್ಪಾಗುತ್ತದೆ, ಕೋಶಗಳು ಕುಗ್ಗುತ್ತವೆ. ಸಮುದ್ರದ ಕಪ್ಪೆಚಿಪ್ಪಾದರೆ ಕೋಶದೊಳಗೆ ಟಾರಿನ್, ಗ್ಲೈಸಿನ್, ಅಲನಿನ್, ಬೀಟೇನ್ ಮುಂತಾದ ಸಣ್ಣ ಸಾವಯವ ಅಣುಗಳನ್ನು ಕೂಡಿಸಿ ಮತ್ತೆ ಗಾತ್ರ ಸರಿಪಡಿಸಿಕೊಳ್ಳುತ್ತದೆ. ನಮ್ಮ ನಾಲೆಯ ಪ್ರಾಣಿಯಲ್ಲಿ ಆ ದಾಸ್ತಾನು ಬಹಳ ಚಿಕ್ಕದು. ಕಿವಿರಿನ ಸಿಲಿಯಾ ಸೋಲುವುದಕ್ಕೆ ಮೂಲ ಇಲ್ಲಿದೆ.

ತರುವುದು, ಇಟ್ಟುಕೊಳ್ಳುವುದು

ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕ್ರಮದಲ್ಲಿ, ನಾಲೆಗೆ ನೀರು ನಿಲ್ಲಿಸಿದಾಗ ತಳದ ಕೆಸರಿನಲ್ಲಿ ಗೀರು ಎಳೆದಂತಹ ಹಾದಿ ಕಾಣುತ್ತದೆ. ಅದರ ಕೊನೆಯಲ್ಲಿ ಕೈಯಾಡಿಸಿದರೆ ಪ್ರಾಣಿ ಸಿಗುತ್ತದೆ. ರಂಗನತಿಟ್ಟು ಪಕ್ಷಿಧಾಮದ ಎಲ್ಲೆಯೊಳಗೆ, ಕಾವೇರಿ ವನ್ಯಧಾಮದೊಳಗೆ ಕೈಹಾಕಬೇಡಿ. ಆರೇಳು ಪ್ರಾಣಿ ಸಾಕು. 6ರಿಂದ 8 ಸೆಂ.ಮೀ. ಉದ್ದದವನ್ನು ಆರಿಸಿ. ಬಕೆಟ್ಟಿನ ತುಂಬ ನೀರಿನಲ್ಲಿ ತರುವುದಕ್ಕಿಂತ ಒದ್ದೆ ಗೋಣಿತಾಟಿನಲ್ಲಿ ಸುತ್ತಿ ನೆರಳಿನಲ್ಲಿ ತಂದರೆ ಒಳ್ಳೆಯದು. ಕಡಿಮೆ ನೀರಿನಲ್ಲಿ ಹತ್ತಾರು ಪ್ರಾಣಿ ಹಾಕಿದರೆ ಆಮ್ಲಜನಕ ಮುಗಿದು ದಾರಿಯಲ್ಲೇ ಕಿವಿರು ಕೆಡುತ್ತದೆ.

ಪ್ರಾಣಿ ತಂದ ಜಾಗದ ನೀರನ್ನೂ ಸಾಕಷ್ಟು ತನ್ನಿ. ಮೊದಲ ವಾರ ಅದರಲ್ಲೇ ಇರಲಿ. ಪ್ರಾಣಿಗೆ ಕನಿಷ್ಠ 2 ಲೀಟರಿನಂತೆ ನೀರು, ತಳದಲ್ಲಿ ಎರಡು ಬೆರಳು ಮರಳು, ಅಕ್ವೇರಿಯಂ ಪಂಪಿನ ಗಾಳಿ, ಎರಡು ದಿನಕ್ಕೊಮ್ಮೆ ಅರ್ಧ ನೀರು ಬದಲು. ನಲ್ಲಿ ನೀರು ಬೆರೆಸುವುದಾದರೆ 24 ಗಂಟೆ ಗಾಳಿಯಾಡಿಸಿ ಕ್ಲೋರಿನ್ ಹೋಗಲು ಬಿಡಿ. ತಾಮ್ರದ ಹಂಡೆ, ಹಿತ್ತಾಳೆ ಕೊಳಗದಲ್ಲಿ ಹಿಡಿದಿಟ್ಟ ನೀರು ಬೇಡವೇ ಬೇಡ. ನಮಗೆ ಆರೋಗ್ಯಕ್ಕೆ ಒಳ್ಳೆಯದೆನ್ನುವ ತಾಮ್ರ ಈ ಪ್ರಾಣಿಗೆ ಅತಿ ಕಡಿಮೆ ಪ್ರಮಾಣದಲ್ಲೇ ವಿಷ. ಅದರಿಂದ ಸಿಲಿಯಾ ನಿಂತರೆ ಉಪ್ಪಿನಿಂದ ನಿಂತಿತೆಂದು ನೀವು ತಪ್ಪು ತಿಳಿಯುತ್ತೀರಿ.

ಒಂದು ಪ್ರಾಣಿ ಸತ್ತರೂ ಅದೇ ದಿನ ತೆಗೆಯಬೇಕು. ಕೊಳೆತ ಮಾಂಸದ ಅಮೋನಿಯ ಉಳಿದವುಗಳ ಕಿವಿರನ್ನು ಸುಡುತ್ತದೆ. ಸತ್ತದ್ದು ಗೊತ್ತಾಗುವುದು ಹೀಗೆ: ಚಿಪ್ಪು ಅಗಲವಾಗಿ ಬಾಯಿಬಿಟ್ಟಿರುತ್ತದೆ, ಅಂಚನ್ನು ಮುಟ್ಟಿದರೂ ಮುಚ್ಚುವುದಿಲ್ಲ.

ಬಸಿರಿರುವ ಹೆಣ್ಣನ್ನು ಬೇರೆ ಮಾಡಿ ತಂದ ಕಡೆಯೇ ಬಿಡಿ. ಚಿಪ್ಪನ್ನು ಅರ್ಧ ಸೆಂ.ಮೀ. ಮಾತ್ರ ನಯವಾಗಿ ತೆರೆದು ಟಾರ್ಚ್ ಬಿಟ್ಟು ನೋಡಿದರೆ ಹೊರ ಕಿವಿರು ಕಡುಬಿನ ಹಾಗೆ ಉಬ್ಬಿರುತ್ತದೆ. ಅದರೊಳಗೆ ಗ್ಲೋಕಿಡಿಯಂ ಮರಿಗಳು ತುಂಬಿರುತ್ತವೆ. ನೀರಿನ ಕೊಳವೆಯೇ ಮರಿಗೂಡಾಗಿರುವುದರಿಂದ ಆ ಕಿವಿರಿನ ಅಳತೆ ಬೇರೆಯದರ ಜೊತೆ ಹೋಲುವುದಿಲ್ಲ. ಮರಿಗಳಂತೂ ಉಪ್ಪಿಗೆ ತಾಯಿಗಿಂತ ಬೇಗ ಸೋಲುತ್ತವೆ.

ದ್ರಾವಣ ಸಿದ್ಧಮಾಡುವುದು

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಕಿವಿರಿನ ತುಂಡನ್ನು ಬರೀ ಬಟ್ಟಿನೀರಿನಲ್ಲಿ ಇಟ್ಟು ಅದನ್ನೇ ‘ಉಪ್ಪಿಲ್ಲದ ಹೋಲಿಕೆ’ ಎಂದು ಕರೆಯುವುದು ಬಹಳ ಕಡೆ ನಡೆಯುವ ತಪ್ಪು. ಬಟ್ಟಿನೀರು ಕೋಶಗಳನ್ನು ಊದಿಸಿ ಒಡೆಯುತ್ತದೆ. ಹೋಲಿಕೆಗೆ ಬೇಕಾದದ್ದು ರಕ್ತಕ್ಕೆ ಸಮನಾದ ದ್ರಾವಣ. 1 ಲೀಟರ್ ಬಟ್ಟಿನೀರಿಗೆ ಇಷ್ಟು: ಸೋಡಿಯಂ ಕ್ಲೋರೈಡ್ 0.60 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 0.42 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.04 ಗ್ರಾಂ, ನೀರಿನಂಶವಿರುವ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 0.44 ಗ್ರಾಂ. ಒಟ್ಟು ಸುಮಾರು 40 ಮಿಲಿಆಸ್ಮೋಲ್ ಆಗುತ್ತದೆ. ಮೊದಲ ಮೂರನ್ನು 900 ಮಿ.ಲೀ. ನೀರಿನಲ್ಲಿ ಕರಗಿಸಿ. ಕ್ಯಾಲ್ಸಿಯಂ ಅನ್ನು ಬೇರೆ 50 ಮಿ.ಲೀ.ನಲ್ಲಿ ಕರಗಿಸಿ, ಕಲಕುತ್ತಾ ಕೊನೆಗೆ ಸುರಿಯಿರಿ. ಆಮೇಲೆ ಲೀಟರಿಗೆ ತನ್ನಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಬಿಳಿಯ ಮಡ್ಡಿಯಾಗುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂಥ ದ್ರಾವಣ ಚೆಲ್ಲಿಬಿಡಿ. ಚೆನ್ನಾಗಿ ಆದದ್ದನ್ನೂ ಅಂದೇ ಬಳಸಿ, ನಾಳೆಗೆ ಇಡಬೇಡಿ. 0.04 ಗ್ರಾಂ ತೂಗಲು ಸಾಮಾನ್ಯ ತಕ್ಕಡಿಗೆ ಆಗದು. 100 ಮಿ.ಲೀ.ಗೆ 4 ಗ್ರಾಂ ಕರಗಿಸಿಟ್ಟುಕೊಂಡು ಅದರಿಂದ 1 ಮಿ.ಲೀ. ಹಾಕಿ. ಇದನ್ನು ಮುಂದೆ ಮೂಲ ದ್ರಾವಣ ಎನ್ನೋಣ.

ಈಗ ಉಪ್ಪಿನ ಮೆಟ್ಟಿಲುಗಳು. ಮೂಲ ದ್ರಾವಣದಲ್ಲೇ ಲೀಟರಿಗೆ 100 ಗ್ರಾಂನಂತೆ ಶುದ್ಧ ಸೋಡಿಯಂ ಕ್ಲೋರೈಡ್ ಕರಗಿಸಿ. ಅದರಿಂದ 1, 2, 4, 8 ಮಿ.ಲೀ. ತೆಗೆದು ಪ್ರತಿಯೊಂದನ್ನೂ ಮೂಲ ದ್ರಾವಣದಿಂದ 100 ಮಿ.ಲೀ. ಮಾಡಿದರೆ ಲೀಟರಿಗೆ 1, 2, 4, 8 ಗ್ರಾಂ ಹೆಚ್ಚುವರಿ ಉಪ್ಪಿನ ನಾಲ್ಕು ಬಾಟಲಿ ಸಿದ್ಧ. 1 ಗ್ರಾಂ ಉಪ್ಪು ಸುಮಾರು 32 ಮಿಲಿಆಸ್ಮೋಲ್ ಸೇರಿಸುತ್ತದೆ. ಅಲ್ಲಿಗೆ ನಾಲ್ಕೂ ಕ್ರಮವಾಗಿ 72, 105, 170, 295ರ ಹತ್ತಿರ ಬರುತ್ತವೆ. ಅಂದರೆ ಮೊದಲ ಮೆಟ್ಟಿಲಿನಲ್ಲೇ ಪ್ರಾಣಿಯ ರಕ್ತದ ಮಟ್ಟ ದಾಟಿರುತ್ತೀರಿ. ನಾಲಿಗೆಗೆ ಉಪ್ಪೆನಿಸದ ನೀರೂ ಈ ಪ್ರಾಣಿಗೆ ಉಪ್ಪುನೀರೇ.

ಅಡುಗೆ ಉಪ್ಪು ಬಳಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಅಯೋಡಿನ್, ಗಂಟುಕಟ್ಟದಂತೆ ಬೆರೆಸಿದ ಪುಡಿ ಇರುವುದರಿಂದ ಬೇಡ. ಅದಕ್ಕಿಂತ ಮುಖ್ಯವಾಗಿ ರಕ್ತದೊತ್ತಡದವರಿಗೆಂದು ಮಾರುವ ಕಡಿಮೆ ಸೋಡಿಯಂ ಉಪ್ಪನ್ನು ಯಾವ ಕಾರಣಕ್ಕೂ ಬಳಸಬೇಡಿ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಸಿಹಿನೀರಿನ ಕಪ್ಪೆಚಿಪ್ಪಿಗೆ ಪೊಟ್ಯಾಸಿಯಂ ಸೋಡಿಯಂಗಿಂತ ಎಷ್ಟೋ ಪಟ್ಟು ಘಾತುಕ.

ಇನ್ನೊಂದು ಬಾಟಲಿ ಸಕ್ಕರೆಯದು. ಸಕ್ಕರೆ ನಾಡಿನಲ್ಲಿ ಇದಕ್ಕೆ ಕೊರತೆಯಿಲ್ಲ, ಆದರೂ ಇದನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಲೀಟರಿಗೆ 44 ಗ್ರಾಂ ಬಿಳಿ ಸಕ್ಕರೆಯನ್ನು ಮೂಲ ದ್ರಾವಣದಲ್ಲಿ ಕರಗಿಸಿದರೆ ಅದು 4 ಗ್ರಾಂ ಉಪ್ಪಿನ ಬಾಟಲಿಗೆ ಅಭಿಸರಣೆಯ ಲೆಕ್ಕದಲ್ಲಿ ಸಮ. ಸಕ್ಕರೆ ನೀರಿನಲ್ಲೂ ಸಿಲಿಯಾ ಅಷ್ಟೇ ನಿಧಾನವಾದರೆ ಕೋಶದಿಂದ ನೀರು ಹೋದದ್ದೇ ಕಾರಣ. ಸಕ್ಕರೆಯಲ್ಲಿ ಚೆನ್ನಾಗಿದ್ದು ಉಪ್ಪಿನಲ್ಲಿ ಮಾತ್ರ ಸೋತರೆ ಸೋಡಿಯಂ, ಕ್ಲೋರೈಡಿನದೇ ಹೊಡೆತ. ಈ ಒಂದು ಬಾಟಲಿ ಇಲ್ಲದೆ ಕಾರಣದ ಬಗ್ಗೆ ಒಂದು ಮಾತನ್ನೂ ಹೇಳಲಾಗದು.

ಬಾಟಲಿಗಳನ್ನು ಟಿಡಿಎಸ್ ಪೆನ್ನಿನಿಂದ (ನೀರಿನಲ್ಲಿ ಕರಗಿದ ಲವಣದ ಅಂದಾಜು ಕೊಡುವ ಮೀಟರಿನಿಂದ) ಪರೀಕ್ಷಿಸುವವರು ಮೊದಲು ಬಟ್ಟಿನೀರಿನಲ್ಲಿ ಲೀಟರಿಗೆ 1 ಗ್ರಾಂ ಉಪ್ಪಿನ ದ್ರಾವಣ ಮಾಡಿ ಪೆನ್ನು ಏನು ತೋರಿಸುತ್ತದೆ ನೋಡಿ. ಅದರ ವಾಹಕತೆ, ಅಂದರೆ ವಿದ್ಯುತ್ ಹಾಯಿಸುವ ಗುಣ, 25 ಡಿಗ್ರಿಯಲ್ಲಿ ಸುಮಾರು 2000 ಮೈಕ್ರೋಸೀಮನ್ಸ್. ಪೆನ್ನಿನೊಳಗಿನ ಗುಣಕ 0.5 ಇದ್ದರೆ 1000, 0.7 ಇದ್ದರೆ 1400 ಎಂದು ತೋರಿಸುತ್ತದೆ. ಇಬ್ಬರು ಬೇರೆ ಬೇರೆ ಪೆನ್ನು ಹಿಡಿದು ಒಂದೇ ನೀರಿನ ಬಗ್ಗೆ ಜಗಳವಾಡುವುದು ಇದರಿಂದಲೇ. ವಾಹಕತೆಯನ್ನೇ ಬರೆದುಕೊಳ್ಳಿ. ಸಕ್ಕರೆಯನ್ನು ಮಾತ್ರ ಪೆನ್ನು ಗುರುತಿಸುವುದಿಲ್ಲ.

ಕೊಯ್ಯದೆ ಮಾಡುವ ಅಳತೆ

ಇದನ್ನು ಶಾಲೆಯಲ್ಲೂ ಮಾಡಬಹುದು. ಕಿವಿರು ಎಷ್ಟು ನೀರು ಸೋಸುತ್ತಿದೆ ಎಂಬುದೇ ಅದರ ಆರೋಗ್ಯದ ಅಳತೆ. ಹಿಂದಿನ ದಿನ ಪ್ರಾಣಿಗೆ ಆಹಾರ ಬೇಡ. 1 ಲೀಟರ್ ನೀರಿಗೆ 0.1 ಗ್ರಾಂ ಬೇಕರಿ ಯೀಸ್ಟ್ ಚೆನ್ನಾಗಿ ಕದಡಿ. ಒಂದು ಬೀಕರಿನಲ್ಲಿ ಪ್ರಾಣಿ, ಇನ್ನೊಂದರಲ್ಲಿ ಅಷ್ಟೇ ದೊಡ್ಡ ಖಾಲಿ ಚಿಪ್ಪು. ಖಾಲಿ ಚಿಪ್ಪಿನ ಬೀಕರ್ ಏಕೆಂದರೆ ಯೀಸ್ಟ್ ತಾನಾಗಿಯೂ ತಳಕ್ಕೆ ಇಳಿಯುತ್ತದೆ, ಆ ಇಳಿತವನ್ನು ಕಳೆಯಬೇಕು. ಕಲರಿಮೀಟರಿನಲ್ಲಿ (ದ್ರವ ಎಷ್ಟು ಬೆಳಕು ತಡೆಯುತ್ತದೆಂದು ಅಳೆಯುವ ಉಪಕರಣದಲ್ಲಿ) 600 ನ್ಯಾನೊಮೀಟರಿನ ಹತ್ತಿರದ ಫಿಲ್ಟರ್ ಹಾಕಿ ಆರಂಭದಲ್ಲಿ, 30 ನಿಮಿಷಕ್ಕೆ, 60 ನಿಮಿಷಕ್ಕೆ ಓದಿ.

ಲೆಕ್ಕಕ್ಕೆ ಒಂದು ಉದಾಹರಣೆ. ಪ್ರಾಣಿಯ ಬೀಕರಿನಲ್ಲಿ ಓದು 0.40ರಿಂದ ಒಂದು ಗಂಟೆಗೆ 0.20 ಆಯಿತು. ಭಾಗಿಸಿದರೆ 2, ಅದರ ಸ್ವಾಭಾವಿಕ ಲಾಗರಿದಮ್ 0.69. ಖಾಲಿ ಚಿಪ್ಪಿನದು 0.40ರಿಂದ 0.36, ಲಾಗರಿದಮ್ 0.11. ಕಳೆದರೆ 0.58. ನೀರು 1 ಲೀಟರ್ ಇದ್ದುದರಿಂದ ಆ ಪ್ರಾಣಿ ಗಂಟೆಗೆ 0.58 ಲೀಟರ್ ಸೋಸಿದೆ ಎಂದರ್ಥ.

ಆದರೆ ಈ ಗಡಿಯಾರ ಓಡಬೇಕಾದದ್ದು ಚಿಪ್ಪು ತೆರೆದಿರುವಾಗ ಮಾತ್ರ. ನೀರು ಒಳಹೋಗುವ ಕಿಂಡಿಯ ಅಂಚಿನಲ್ಲಿ ಸಣ್ಣ ಸಣ್ಣ ಬೆರಳುಗಳಂತಹ ಜಾಲರಿ ಕಾಣುತ್ತದೆಯೇ ಎಂದು 5 ನಿಮಿಷಕ್ಕೊಮ್ಮೆ ನೋಡಿ ‘ತೆರೆದಿದೆ’, ‘ಮುಚ್ಚಿದೆ’ ಎಂದು ಗುರುತು ಹಾಕಿ. ತೆರೆದಿದ್ದ ನಿಮಿಷಗಳಿಗೆ ಮಾತ್ರ ಲೆಕ್ಕ ಹಾಕಿದಾಗ ಎರಡು ಬೇರೆ ಸಂಗತಿಗಳು ಬಿಡಿಯಾಗುತ್ತವೆ: ಪ್ರಾಣಿ ಎಷ್ಟು ಹೊತ್ತು ಬಾಗಿಲು ತೆಗೆದಿತ್ತು, ತೆಗೆದಾಗ ಕಿವಿರು ಎಷ್ಟು ಜೋರಾಗಿ ದುಡಿಯಿತು. ಮೇಜು ಕುಟ್ಟಿದರೂ ನೆರಳು ಬಿದ್ದರೂ ಚಿಪ್ಪು ಮುಚ್ಚುತ್ತದೆ. ಫ್ಯಾನಿನ ಕೆಳಗೆ, ಓಡಾಟದ ದಾರಿಯಲ್ಲಿ ಬೀಕರ್ ಇಡಬೇಡಿ.

ಉಪ್ಪನ್ನು ಒಂದೇ ಏಟಿಗೆ ಏರಿಸಿದ ಗುಂಪು, ದಿನಕ್ಕೆ ಲೀಟರಿಗೆ ಅರ್ಧ ಗ್ರಾಂನಂತೆ ಏರಿಸಿದ ಗುಂಪು, ಎರಡನ್ನೂ ಇಟ್ಟುಕೊಳ್ಳಿ. ಒಂದೇ 2 ಗ್ರಾಂಗೆ ಎರಡೂ ಕಡೆಯ ಪ್ರಾಣಿಗಳು ಬೇರೆಯಾಗಿ ಸ್ಪಂದಿಸುತ್ತವೆ. ನಿಧಾನಕ್ಕೆ ಏರಿಸಿದಾಗ ರಕ್ತ ಹೊರಗಿನ ನೀರಿನ ಜೊತೆಜೊತೆಗೆ ಏರುತ್ತದೆ, ಕೋಶಕ್ಕೆ ಒಮ್ಮೆಲೇ ಸೆಳೆತ ಬೀಳುವುದಿಲ್ಲ. ಆದ್ದರಿಂದ ‘ಎಷ್ಟು ಉಪ್ಪು’ ಎಂದು ಬರೆಯುವ ಜಾಗದ ಪಕ್ಕದಲ್ಲೇ ‘ಎಷ್ಟು ಹೊತ್ತಿನಲ್ಲಿ’ ಎಂದೂ ಬರೆಯಬೇಕು.

ಕಿವಿರಿನ ತುಂಡಿನ ನಡಿಗೆ

ಕಾಲೇಜುಗಳಲ್ಲಿ ಪ್ರಾಣಿ ಕೊಯ್ಯುವುದಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿರ್ಬಂಧವಿದೆ. ಈ ಭಾಗವನ್ನು ವಿಭಾಗದ ಅನುಮತಿ ಪಡೆದು ಮಾರ್ಗದರ್ಶಕರ ಎದುರಲ್ಲೇ ಮಾಡಿ. ಒಂದು ಪ್ರಾಣಿಯ ಒಳ ಕಿವಿರಿನಿಂದ ಇಡೀ ತಂಡಕ್ಕೆ ಸಾಕಾಗುವಷ್ಟು ತುಂಡು ಸಿಗುತ್ತವೆ. ತಲೆಗೊಂದರಂತೆ ಕೊಲ್ಲುವ ಅಗತ್ಯವೇ ಇಲ್ಲ.

ಚಿಪ್ಪಿನ ನಡುವೆ ಮೊಂಡು ಚಾಕು ತೂರಿಸಿ, ಮುಂದಿನ ಮತ್ತು ಹಿಂದಿನ ಮುಚ್ಚುಸ್ನಾಯುಗಳನ್ನು ಚಿಪ್ಪಿಗೆ ಅಂಟಿದಂತೆಯೇ ಕತ್ತರಿಸಿ. ಚಾಕು ಆಳಕ್ಕೆ ಹೋದರೆ ಕಿವಿರು ಹರಿಯುತ್ತದೆ. ಒಳ ಕಿವಿರನ್ನು ಮೇಲಂಚಿನಲ್ಲಿ ಕತ್ತರಿಸಿ ಮೂಲ ದ್ರಾವಣದ ಬಟ್ಟಲಿಗೆ ಹಾಕಿ. ಚಿಮುಟದಲ್ಲಿ ಎಳೆಗಳನ್ನು ಹಿಡಿಯಬೇಡಿ, ಕತ್ತರಿಸಿದ ಅಂಚನ್ನು ಮಾತ್ರ ಹಿಡಿಯಿರಿ. ಒಳ ಕಿವಿರನ್ನೇ ಏಕೆ ಹೇಳಿದ್ದೆಂದರೆ ಅದರ ಕೆಳ ಅಂಚಿನಲ್ಲಿ ಆಹಾರದ ತೋಡು ಇದೆ, ಮುಖದ ಸಿಲಿಯಾ ಕಣಗಳನ್ನು ಅತ್ತ ತಳ್ಳುತ್ತವೆ. ದಿಕ್ಕು ಒಂದೇ ಇರುವುದರಿಂದ ಅಳೆಯುವುದು ಸುಲಭ.

ಚೂಪು ಬ್ಲೇಡಿನಿಂದ 5 ಮಿ.ಮೀ. ಚೌಕದ ತುಂಡುಗಳನ್ನು ಮಾಡಿ, 15 ನಿಮಿಷ ಸುಮ್ಮನೆ ಬಿಡಿ. ಕೊಯ್ದ ಆಘಾತ ಇಳಿಯಬೇಕು. ಪೆಟ್ರಿ ಬಟ್ಟಲಿನ ಕೆಳಗೆ ಗ್ರಾಫ್ ಹಾಳೆ ಇಟ್ಟು, ಬಟ್ಟಲಿಗೆ 4 ಮಿ.ಮೀ. ಆಳ ದ್ರಾವಣ ಹಾಕಿ, ತುಂಡನ್ನು ಚಪ್ಪಟೆಯಾಗಿ ಮಲಗಿಸಿ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಗಾಜಿನ ಮೇಲೆ ತೆವಳಲು ಶುರುಮಾಡುತ್ತದೆ. ಸಿಲಿಯಾ ಗಾಜನ್ನು ಒಂದು ಕಡೆಗೆ ತಳ್ಳುತ್ತವೆ, ತುಂಡು ಎದುರು ದಿಕ್ಕಿಗೆ ಸರಿಯುತ್ತದೆ. ಮೊದಲ ಸಲ ನೋಡುವವರ ಕಣ್ಣರಳುತ್ತದೆ. ನರವಿಲ್ಲ, ಸ್ನಾಯುವಿನ ಎಳೆತವಿಲ್ಲ, ಕತ್ತರಿಸಿದ ಒಂದು ಚೂರು ಇರುವೆಗಿಂತ ನಿಧಾನವಾಗಿ, ಆದರೆ ನಿಲ್ಲದೆ, ಗೆರೆ ದಾಟಿ ಗೆರೆ ಹೋಗುತ್ತಿರುತ್ತದೆ. 10 ಮಿ.ಮೀ. ಸಾಗಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಮೂರು ಬಾರಿ ಅಳೆದು ಸರಾಸರಿ ತೆಗೆಯಿರಿ.

ಮೂಲ ದ್ರಾವಣದಲ್ಲಿ ಅಳೆದ ತುಂಡನ್ನು ಒಂದು ಮೆಟ್ಟಿಲಿನ ಉಪ್ಪಿಗೆ ವರ್ಗಾಯಿಸಿ. 5, 15, 30 ನಿಮಿಷಕ್ಕೆ ಅಳೆಯಿರಿ. ಮತ್ತೆ ಮೂಲ ದ್ರಾವಣಕ್ಕೆ ತಂದು 30 ನಿಮಿಷದ ಮೇಲೆ ಇನ್ನೊಮ್ಮೆ ಅಳೆಯಿರಿ. ಈ ಕೊನೆಯ ಅಳತೆಯನ್ನು ಬಿಡಬೇಡಿ, ಏಕೆಂದರೆ ನಿಧಾನವಾಗುವುದು ಬೇರೆ, ಹಾಳಾಗುವುದು ಬೇರೆ. ತಿರುಗಿ ಬಂದಾಗ ವೇಗ ಮರಳಿದರೆ ಕೋಶ ಕುಗ್ಗಿತ್ತು ಅಷ್ಟೆ. ಮರಳದಿದ್ದರೆ ಪೊರೆ ಕೆಟ್ಟಿದೆ. ಒಂದೇ ತುಂಡನ್ನು 1, 2, 4, 8 ಎಂದು ಸಾಲಾಗಿ ಏರಿಸಬೇಡಿ, ಪ್ರತಿ ಮೆಟ್ಟಿಲಿಗೂ ಹೊಸ ತುಂಡು ಬೇಕು. ಒಂದು ತುಂಡು ಕೊನೆಯವರೆಗೂ ಮೂಲ ದ್ರಾವಣದಲ್ಲೇ ಇರಲಿ. ಅದೂ ನಿಧಾನವಾಗುತ್ತಿದ್ದರೆ ಹೊತ್ತು ಕಳೆದು ಅಂಗಾಂಶ ದಣಿದಿದೆ, ತಪ್ಪು ಉಪ್ಪಿನದಲ್ಲ.

ಕಾಣಬೇಕಾದ ಕ್ರಮ ಹೀಗಿರುತ್ತದೆ. 1 ಗ್ರಾಂನಲ್ಲಿ ಸ್ವಲ್ಪ ನಿಧಾನ, ಮರಳಿಸಿದರೆ ಚೇತರಿಕೆ. ಮೇಲೇರಿದಂತೆ ಲೋಳೆ ಜಾಸ್ತಿಯಾಗಿ ತುಂಡು ಗಾಜಿಗೆ ಅಂಟುತ್ತದೆ. ಅಂಟಿ ನಿಂತದ್ದನ್ನು ಸಿಲಿಯಾ ನಿಂತಿತೆಂದು ಎಣಿಸಬೇಡಿ, ಪಿಪೆಟ್ಟಿನಿಂದ ದ್ರಾವಣ ಹಾಯಿಸಿ ಲೋಳೆ ತೊಳೆದು ಮತ್ತೆ ನೋಡಿ. 8 ಗ್ರಾಂನಲ್ಲಿ ನಡಿಗೆ ನಿಲ್ಲುವುದು ಸಾಮಾನ್ಯ.

ಸೂಕ್ಷ್ಮದರ್ಶಕದ ಕೆಳಗೆ

ಸ್ಲೈಡಿನ ಮೇಲೆ 3 ಮಿ.ಮೀ. ತುಂಡು, ಎರಡು ಪಕ್ಕ ಒಂದೊಂದು ನೈಲಾನ್ ದಾರದ ಚೂರು, ಮೇಲೆ ಕವರ್‌ಸ್ಲಿಪ್. ದಾರವಿಲ್ಲದಿದ್ದರೆ ಗಾಜಿನ ಭಾರಕ್ಕೆ ಎಳೆಗಳು ಜಜ್ಜಿಹೋಗುತ್ತವೆ. ಕಂಡೆನ್ಸರ್ ಕೆಳಗಿಳಿಸಿ, ಡಯಾಫ್ರಮ್ ಕಿರಿದು ಮಾಡಿ. ಬೆಳಕು ಜಾಸ್ತಿಯಾದರೆ ಸಿಲಿಯಾ ಕಾಣುವುದೇ ಇಲ್ಲ. 10ರ ಲೆನ್ಸಿನಲ್ಲಿ ಎಳೆಯ ಪಕ್ಕದ ಅಂಚಿಗೆ ಗಮನ ಕೊಡಿ: ಗಾಳಿ ಬೀಸಿದಾಗ ಗದ್ದೆಯ ಪೈರಿನ ಮೇಲೆ ಅಲೆ ಹೋಗುವಂತೆ ಸಾಲಾಗಿ ಅಲೆ ಓಡುತ್ತದೆ. ಉಪ್ಪು ಏರಿದಾಗ ಮೊದಲು ಕೆಡುವುದು ಸಾಮಾನ್ಯವಾಗಿ ಈ ಅಲೆಯ ಹೊಂದಾಣಿಕೆ. ಒಂದೊಂದು ಸಿಲಿಯಂ ಇನ್ನೂ ಬಡಿಯುತ್ತಿರುತ್ತದೆ, ಅಲೆ ಮಾತ್ರ ಮುರಿದು ಅಲ್ಲಲ್ಲಿ ತುಣುಕಾಗುತ್ತದೆ.

ಇಲ್ಲಿ ಒಂದು ದೊಡ್ಡ ಬಲೆ ಇದೆ. ಕಿವಿರನ್ನು ಕತ್ತರಿಸಿದಾಗ ನರದ ಸಂಬಂಧ ತಪ್ಪುವುದರಿಂದ ಪಕ್ಕದ ಸಿಲಿಯಾ ಮೂಲ ದ್ರಾವಣದಲ್ಲೇ ನಿಂತುಬಿಡಬಹುದು. ಅದನ್ನು ಉಪ್ಪಿನ ತಲೆಗೆ ಕಟ್ಟಬೇಡಿ. ನರಗಳು ಸ್ರವಿಸುವ ಸೆರೊಟೊನಿನ್ ಎಂಬ ರಾಸಾಯನಿಕ ಇದಕ್ಕೆ ಬೇಕು: ಸೆರೊಟೊನಿನ್ ಹೈಡ್ರೊಕ್ಲೋರೈಡ್ ಲೀಟರಿಗೆ 2.1 ಮಿಲಿಗ್ರಾಂ, ಅಂದರೆ 10 ಮೈಕ್ರೋಮೋಲಾರ್, ಮೂಲ ದ್ರಾವಣದಲ್ಲಿ ಕರಗಿಸಿ ಹಾಯಿಸಿದರೆ ಅವು ಮತ್ತೆ ಚಾಲೂ ಆಗುತ್ತವೆ. ಸೆರೊಟೊನಿನ್ ಬೆಳಕಿಗೆ ಕೆಡುತ್ತದೆ. ಅಂದಂದೇ ಮಾಡಿ, ಬಾಟಲಿಗೆ ಫಾಯಿಲ್ ಸುತ್ತಿ. ಆಮೇಲೆ ಹಾಯಿಸುವ ಉಪ್ಪಿನ ಎಲ್ಲ ಮೆಟ್ಟಿಲಿನಲ್ಲೂ ಅದೇ ಪ್ರಮಾಣ ಇರಬೇಕು.

ದ್ರಾವಣ ಬದಲಿಸಲು ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಹನಿ ಹಾಕಿ, ಎದುರು ಅಂಚಿನಲ್ಲಿ ಫಿಲ್ಟರ್ ಕಾಗದ ಹಿಡಿದು ಎಳೆಯಿರಿ. ಒಂದು ಸಲ ಸಾಲದು, ಮೂರು ಸಲ. ಏಪ್ರಿಲ್ ಬಿಸಿಲಿಗೆ ಮಂಡ್ಯದ ಲ್ಯಾಬಿನಲ್ಲಿ ಕವರ್‌ಸ್ಲಿಪ್ಪಿನಡಿಯ ನೀರು ಬೇಗ ಆರುತ್ತದೆ. ನೀವು 2 ಗ್ರಾಂ ಎಂದುಕೊಂಡದ್ದು ಇಪ್ಪತ್ತು ನಿಮಿಷದಲ್ಲಿ 3 ಆಗಿರಬಹುದು. 5 ನಿಮಿಷಕ್ಕೊಮ್ಮೆ ಹೊಸ ಹನಿ ಹಾಯಿಸಿ. ದೀಪ ಎಲ್‌ಇಡಿ ಇರಲಿ. ಹಳೆಯ ಹ್ಯಾಲೊಜೆನ್ ದೀಪದ ಬಿಸಿಗೆ ಸಿಲಿಯಾ ವೇಗ ಏರಿ ಉಪ್ಪಿನ ಪರಿಣಾಮ ಮುಚ್ಚಿಹೋಗುತ್ತದೆ. ಕೋಣೆಯ ಉಷ್ಣಾಂಶವನ್ನು ಪ್ರತಿ ಓದಿನ ಪಕ್ಕ ಬರೆಯಿರಿ.

ಎಣಿಸಲು ಮೊಬೈಲ್ ಸಾಕು, ಆದರೆ ಸಾಮಾನ್ಯ ವಿಡಿಯೊ ನಂಬಬೇಡಿ. ಸಿಲಿಯಾ ಸೆಕೆಂಡಿಗೆ ಹತ್ತಾರು ಸಲ ಬಡಿಯುವಾಗ ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾ ಸುಳ್ಳು ಹೇಳುತ್ತದೆ. ಚಕ್ರ ಹಿಂದಕ್ಕೆ ತಿರುಗಿದಂತೆ ಸಿನಿಮಾದಲ್ಲಿ ಕಾಣುವುದಿಲ್ಲವೇ, ಹಾಗೆ. ಸ್ಲೋ ಮೋಷನ್ 240ಕ್ಕೆ ಇಟ್ಟು, ಒಂದೇ ಜಾಗದ 10 ಬಡಿತಕ್ಕೆ ಎಷ್ಟು ಫ್ರೇಮ್ ಆಯಿತೆಂದು ಎಣಿಸಿ. 160 ಫ್ರೇಮ್ ಆದರೆ ಸೆಕೆಂಡಿಗೆ 15 ಬಡಿತ. ಒಂದೇ ಪ್ರಾಣಿಯ ಐದು ತುಂಡು ಐದು ಪ್ರಾಣಿಗೆ ಸಮವಲ್ಲ. ಅಂಕಿಗಳಿಂದ ತೀರ್ಮಾನಕ್ಕೆ ಬರುವುದಾದರೆ ಕನಿಷ್ಠ ಮೂರು ಪ್ರಾಣಿಗಳ ತುಂಡುಗಳು ಬೇಕು, ಸರಾಸರಿ ಪ್ರಾಣಿಗೊಂದರಂತೆ.

ಬಟ್ಟಿನೀರಿನಲ್ಲಿ ಒಂದು ತುಂಡನ್ನು ಬೇಕೆಂದೇ ನೋಡಿ. ಎಳೆಯ ಅಂಚಿನಲ್ಲಿ ಗುಳ್ಳೆಗಳು ಏಳುತ್ತವೆ, ಕೋಶಗಳು ಊದಿ ಉದುರುತ್ತವೆ. 4 ಅಥವಾ 8 ಗ್ರಾಂನಲ್ಲಿ ಇದಕ್ಕೆ ತದ್ವಿರುದ್ಧ: ಕೋಶಗಳು ಸುಕ್ಕಿ, ಎಳೆಗಳ ನಡುವಿನ ಸಂದು ಅಗಲವಾಗುತ್ತದೆ. 0.4 ಶೇಕಡಾ ಟ್ರಿಪಾನ್ ಬ್ಲೂ ಒಂದು ಹನಿ ಹಾಯಿಸಿದರೆ ಸತ್ತ ಕೋಶ ಮಾತ್ರ ನೀಲಿಯಾಗುತ್ತದೆ, ಬದುಕಿದ್ದದ್ದು ಬಣ್ಣ ಹೊರಗಿಡುತ್ತದೆ.

ತೂಕ, ಸ್ಥಿರೀಕರಣ

ಕಿವಿರಿನ ನೀರಿನಂಶ ತೂಗುವವರಿಗೆ ಎರಡು ಮಾತು. ಒತ್ತಿ ಒರೆಸುವುದರಲ್ಲೇ ಬಹುಪಾಲು ದೋಷ ಇರುತ್ತದೆ. ಫಿಲ್ಟರ್ ಕಾಗದದ ಮೇಲೆ ಒಂದು ಮಗ್ಗುಲಿಗೆ 5 ಸೆಕೆಂಡ್, ಇನ್ನೊಂದಕ್ಕೆ 5 ಸೆಕೆಂಡ್, ಒಬ್ಬರೇ ಎಲ್ಲವನ್ನೂ ಮಾಡಬೇಕು. 70 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ. ಈ ಕಿವಿರಿನಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಸಣ್ಣ ಗುಂಡುಗಳು ಧಾರಾಳವಾಗಿ ಇರುತ್ತವೆ, ಮರಿಗಳ ಚಿಪ್ಪಿಗೆಂದು ಕೂಡಿಟ್ಟ ಸುಣ್ಣ ಅದು. ಅದರಿಂದ ಒಣ ತೂಕ ಏರಿ, ನೀರಿನಂಶ ಸ್ನಾಯುವಿಗಿಂತ ಕಡಿಮೆ ಬಂದಂತೆ ಕಾಣುತ್ತದೆ. ಕಿವಿರನ್ನು ಕಿವಿರಿನ ಜೊತೆಗೇ ಹೋಲಿಸಿ. ಛೇದ ಮಾಡಿ ಬಣ್ಣ ಹಾಕುವುದಾದರೂ ಇದೇ ಗುಂಡುಗಳ ನೆನಪಿರಲಿ: ಅಂಗಾಂಶ ಕೆಡದಂತೆ ಹಿಡಿದಿಡಲು (ಸ್ಥಿರೀಕರಣಕ್ಕೆ) ಬಳಸುವ ಬೌಯಿನ್ ದ್ರಾವಣದ ಆಮ್ಲ ಅವನ್ನು ಕರಗಿಸುತ್ತದೆ, ಆದ್ದರಿಂದ 10 ಶೇಕಡಾ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಬಳಸಿ. ಸಮುದ್ರ ಜೀವಿಗಳಿಗೆಂದು ಕಡಲ ನೀರಿನಲ್ಲಿ ಮಾಡುವ ಪಾಕ ಬೇಡ. ಅದೇ ಕೋಶಗಳನ್ನು ಕುಗ್ಗಿಸಿ ನೀವು ಹುಡುಕುತ್ತಿರುವ ಚಿತ್ರವನ್ನೇ ಸೃಷ್ಟಿಸಿಬಿಡುತ್ತದೆ.

ಕರಾವಳಿಯಿಂದ ಐಸಿನಲ್ಲಿ ಬರುವ ಹಸಿರು ಕಪ್ಪೆಚಿಪ್ಪು, ಅಂದರೆ ಪಚ್ಚಿಲೆ, ಮೈಸೂರಿನಲ್ಲಿ ಸಿಕ್ಕರೆ ಹೋಲಿಕೆಗೆ ಬಳಸಬಹುದು. ಅದಕ್ಕೆ ಮೂಲ ದ್ರಾವಣ ಲೀಟರಿಗೆ 30ರಿಂದ 35 ಗ್ರಾಂನ ಕೃತಕ ಕಡಲ ನೀರು. ಅಂಗಡಿಯಲ್ಲಿ ತೆರೆದು ನಲ್ಲಿ ನೀರಲ್ಲಿ ತೊಳೆದುಕೊಟ್ಟರೆ ಕಿವಿರು ಅಲ್ಲೇ ಮುಗಿಯಿತು, ಮುಚ್ಚಿದ ಚಿಪ್ಪನ್ನೇ ಕೇಳಿ ತನ್ನಿ. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾದಾಗ ಅದು ಎದುರಿಸುವುದು ನಮ್ಮ ನಾಲೆಯ ಪ್ರಾಣಿಯ ತದ್ವಿರುದ್ಧ ಕಷ್ಟ.

ಚೌಳು ನೀರನ್ನು ಪರೀಕ್ಷಿಸುವಾಗ

ಬಸಿಗಾಲುವೆಯ ನೀರನ್ನೇ ತಂದು ಕಿವಿರಿಗೆ ಹಾಕುವವರು ವಾಹಕತೆ ಒಂದನ್ನೇ ನೋಡಿ ‘ಇದು ಲೀಟರಿಗೆ ಇಷ್ಟು ಗ್ರಾಂ ಉಪ್ಪಿಗೆ ಸಮ’ ಎಂದು ತೀರ್ಮಾನಿಸಬೇಡಿ. ಚೌಳಿನಲ್ಲಿ ಬರೀ ಸೋಡಿಯಂ ಕ್ಲೋರೈಡ್ ಇರುವುದಿಲ್ಲ. ಬೈಕಾರ್ಬೊನೇಟ್, ಸಲ್ಫೇಟ್ ಇರುತ್ತವೆ, ಪಿಎಚ್ 8.5 ದಾಟಿರಬಹುದು, ಗೊಬ್ಬರದ ಅಮೋನಿಯ ಇರಬಹುದು. ಪಿಎಚ್ ಏರಿದಷ್ಟೂ ಅಮೋನಿಯ ಹೆಚ್ಚು ವಿಷವಾಗುತ್ತದೆ. ಆದ್ದರಿಂದ ಅದೇ ವಾಹಕತೆಗೆ ಬರುವಂತೆ ಮೂಲ ದ್ರಾವಣಕ್ಕೆ ಉಪ್ಪು ಸೇರಿಸಿ ಜೋಡಿ ಬಾಟಲಿ ಮಾಡಿ, ಒಂದೇ ಕಿವಿರಿನ ಎರಡು ತುಂಡುಗಳನ್ನು ಎರಡರಲ್ಲೂ ನಡೆಸಿ. ಮಾದರಿ ಬಾಟಲಿಯನ್ನು ಗಾಳಿ ಉಳಿಯದಂತೆ ಬಾಯಿತನಕ ತುಂಬಿ, ನೆರಳಿನಲ್ಲಿ ತಂದು, ಅಂದೇ ಪಿಎಚ್ ಅಳೆಯಿರಿ. ಹಳ್ಳದ ನೀರು ಕಾಲುವೆಗೆ ನೀರು ಬಿಟ್ಟಾಗ ಒಂದು ಥರ, ನಿಲ್ಲಿಸಿ ಹತ್ತು ದಿನವಾದಾಗ ಇನ್ನೊಂದು ಥರ. ಎರಡೂ ಹೊತ್ತಿನ ಬಾಟಲಿ ಬೇಕು, ಬಾಟಲಿಯ ಚೀಟಿಯಲ್ಲಿ ಸರ್ವೆ ನಂಬರಿನ ಜೊತೆಗೆ ನಾಲೆಗೆ ನೀರು ನಿಲ್ಲಿಸಿ ಎಷ್ಟು ದಿನವಾಯಿತೆಂದೂ ಬರೆದಿರಬೇಕು.